ಹಣೆಬರಹಕ್ಕೆ ಹೊಣೆ ಯಾರು?

ಮಗು ಹುಟ್ಟಿದ ಐದನೆಯ ರಾತ್ರಿ ಪುಣೆಯ ಪಕ್ಕದ ನಿಗಡಿಯ ಎಷ್ಟೋ ಮನೆಗಳಲ್ಲಿ ಬಾಣಂತಿಯ ಕೋಣೆಯೊಳಗೆ ಒಂದು ಬಿಳಿ ಹಾಳೆ, ಒಂದು ಪೆನ್ನು ಇಡುತ್ತಾರೆ. ಕೆಲವರದು ಆರನೆಯ ರಾತ್ರಿ. ದೀಪ ಆರಬಾರದೆಂದು ಮನೆಯ ಹಿರಿಯ ಹೆಂಗಸೊಬ್ಬಳು ಎಚ್ಚರವಿದ್ದು ಎಣ್ಣೆ ಹಾಕುತ್ತಿರುತ್ತಾಳೆ. ಆ ರಾತ್ರಿ ಬಂದು ಕೂಸಿನ ಹಣೆಯ ಮೇಲೆ ಮುಂದಿನದನ್ನೆಲ್ಲ ಬರೆದು ಹೋಗುವ ದೇವಿಯನ್ನು ಮರಾಠಿಗರು ಸಟವಾಯಿ ಎನ್ನುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದು ಇಲ್ಲೇ ಉಳಿದ ನಮ್ಮವರ ಬಾಯಲ್ಲಿ ಅವಳು ಶೆಟಗೆವ್ವ. ಬೆಳಗ್ಗೆ ನೋಡಿದರೆ ಹಾಳೆ ಖಾಲಿಯೇ ಇರುತ್ತದೆ. ಬರಹ ಹಣೆಯ ಮೇಲಿದೆ, ಓದಲು ನಮಗೆ ಬರುವುದಿಲ್ಲ ಎಂದು ಅಜ್ಜಿ ಹೇಳುತ್ತಾಳೆ.

ಈ ಮಾತು ಹುಟ್ಟಲು ಕಾರಣಗಳು ಈ ನೆಲದಲ್ಲಿ ಬೇಕಾದಷ್ಟಿವೆ. ನಿಗಡಿಯ ಭಕ್ತಿ-ಶಕ್ತಿ ಚೌಕದಲ್ಲಿ ಶಿವಾಜಿಯೂ ಸಂತ ತುಕಾರಾಮರೂ ಎದುರುಬದುರಾಗಿ ನಿಂತ ದೊಡ್ಡ ಶಿಲ್ಪವಿದೆ. ತುಕಾರಾಮರ ದೇಹು ಇಲ್ಲಿಂದ ಕೆಲವೇ ಮೈಲಿ. 1630ರಲ್ಲಿ ದಖ್ಖನಕ್ಕೆ ಬಡಿದ ಭೀಕರ ಬರದಲ್ಲಿ ಅವರ ಮೊದಲ ಹೆಂಡತಿ, ಮಗ ಇಬ್ಬರೂ ತೀರಿಕೊಂಡರೆಂದು ಅವರ ಚರಿತ್ರೆ ಹೇಳುವವರೆಲ್ಲ ಹೇಳುತ್ತಾರೆ. ಮುನ್ನೂರ ನಲವತ್ತು ವರ್ಷ ಬಿಟ್ಟು, 1972ರಲ್ಲಿ ಮತ್ತೊಂದು ಬರ ಬಂತು. ಅದೇ ವರ್ಷ ಪಿಂಪರಿ-ಚಿಂಚವಡದಲ್ಲಿ ಹೊಸ ನಗರ ಕಟ್ಟಲು ಪ್ರಾಧಿಕರಣ ಸ್ಥಾಪನೆಯಾಯಿತು. ಸಾಲುಸಾಲು ಸೆಕ್ಟರುಗಳಿರುವ, ಮರಗಳಿರುವ ಇಂದಿನ ನಿಗಡಿ ಪ್ರಾಧಿಕರಣ ಹುಟ್ಟಿದ್ದು ಹಾಗೆ. ಒಬ್ಬನಿಗೆ ಆ ವರ್ಷ ಪ್ಲಾಟು ಸಿಗುವ ದಾರಿ ತೆರೆಯಿತು, ಇನ್ನೊಬ್ಬ ಅದೇ ವರ್ಷ ಎತ್ತು ಮಾರಿ ಊರು ಬಿಟ್ಟ. ಈ ಇಬ್ಬರ ಮೊಮ್ಮಕ್ಕಳು ಇಂದು ಒಂದೇ ರಸ್ತೆಯಲ್ಲಿ ಓಡಾಡುತ್ತಾರೆ. ಒಬ್ಬ ಮನೆ ಕಟ್ಟಿಸುತ್ತಾನೆ, ಇನ್ನೊಬ್ಬ ಅದಕ್ಕೆ ಕಲ್ಲು-ಮಣ್ಣು ಹೊರುತ್ತಾನೆ. ಅದೃಷ್ಟ ಎನ್ನಬೇಕೋ, ಅವರವರು ಪಟ್ಟ ಕಷ್ಟದ ಫಲ ಎನ್ನಬೇಕೋ?

ಹಣೆಬರಹಕ್ಕೆ ಹೊಣೆ ಯಾರು ಎಂದು ನಾವು ಕೈಚೆಲ್ಲಿ ಕೇಳುತ್ತೇವೆ. ಉತ್ತರ ಬಯಸಿ ಯಾರೂ ಕೇಳುವುದಿಲ್ಲ. ಈ ಅಧ್ಯಾಯದಲ್ಲಿ ಅದನ್ನು ನಿಜವಾದ ಪ್ರಶ್ನೆಯೆಂದೇ ಹಿಡಿದು, ಉತ್ತರ ಹುಡುಕೋಣ. ಹುಡುಕಲು ದೂರ ಹೋಗಬೇಕಾಗಿಲ್ಲ. ಇದರ ಅರ್ಧದಷ್ಟು ವಿಜ್ಞಾನ ನಡೆದದ್ದು ಪುಣೆಯಲ್ಲಿ, ಉಳಿದ ಒಂದು ದೊಡ್ಡ ಪಾಲು ಮೈಸೂರಿನಲ್ಲಿ.

ಮೊದಲು ಗ್ರಹಗಳ ವಿಚಾರ ಮುಗಿಸಿಬಿಡೋಣ. 2008ರಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ, ಸಂಖ್ಯಾಶಾಸ್ತ್ರಜ್ಞ ಸುಧಾಕರ ಕುಂಟೆ, ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ನರೇಂದ್ರ ದಾಭೋಳಕರ ಮತ್ತು ಒಂದು ಕಾಲಕ್ಕೆ ತಾವೇ ಜ್ಯೋತಿಷ್ಯ ಅಭ್ಯಾಸ ಮಾಡಿದ್ದ ಪ್ರಕಾಶ ಘಾಟಪಾಂಡೆ ಸೇರಿ ಪುಣೆಯಲ್ಲಿ ಒಂದು ಪರೀಕ್ಷೆ ನಡೆಸಿದರು. ಓದಿನಲ್ಲಿ ಬಹಳ ಮುಂದಿರುವ 100 ಮಕ್ಕಳು, ಬುದ್ಧಿಮಾಂದ್ಯರ ಶಾಲೆಗಳಲ್ಲಿರುವ 100 ಮಕ್ಕಳು, ಹೀಗೆ 200 ಮಕ್ಕಳ ಜನ್ಮವಿವರ ಕೂಡಿಸಿ ಕುಂಡಲಿ ಹಾಕಿಸಿದರು. ಒಪ್ಪಿಬಂದ ಜ್ಯೋತಿಷಿಗಳಿಗೆ ತಲಾ 40 ಕುಂಡಲಿ ಕಳಿಸಿ, ಯಾವುದು ಯಾವ ಗುಂಪಿನ ಮಗುವಿನದು ಎಂದು ಮಾತ್ರ ಕೇಳಿದರು. ಮದುವೆ ಯಾವಾಗ, ವಿದೇಶ ಯೋಗ ಇದೆಯೇ ಎಂಬಂಥ ಸೂಕ್ಷ್ಮ ಪ್ರಶ್ನೆಯಲ್ಲ. ಬದುಕನ್ನೇ ಬೇರೆ ಮಾಡುವಂಥ ವ್ಯತ್ಯಾಸ, ಜಾತಕದಲ್ಲಿ ಏನಾದರೂ ಇದ್ದರೆ ಎದ್ದು ಕಾಣಲೇಬೇಕಾದದ್ದು.

ಉತ್ತರ ಬರೆದು ಕಳಿಸಿದವರು 27 ಜನ. ಗೆಲ್ಲಲು 40ರಲ್ಲಿ 28 ಸರಿಯಿರಬೇಕಿತ್ತು. ಎಲ್ಲರಿಗಿಂತ ಮುಂದಿದ್ದವರಿಗೆ ಬಂದದ್ದು 24. ಒಂದು ಜ್ಯೋತಿಷ್ಯ ಸಂಸ್ಥೆ 200 ಕುಂಡಲಿಗಳನ್ನೂ ತರಿಸಿಕೊಂಡು ನೋಡಿ 102 ಸರಿ ಹೇಳಿತು. 24 ಎಂದರೆ ಅರ್ಧಕ್ಕಿಂತ ಹೆಚ್ಚಲ್ಲವೇ ಎನ್ನುವವರಿಗೆ ಲೆಕ್ಕ ಹೀಗಿದೆ: 27 ಜನ ಜಾತಕ ನೋಡದೆಯೇ ತಲಾ 40 ಸಲ ನಾಣ್ಯ ಚಿಮ್ಮಿ ಉತ್ತರ ಬರೆದಿದ್ದರೂ, ಅವರಲ್ಲಿ ಮೂರು-ನಾಲ್ಕು ಜನರಿಗೆ 24 ಅಥವಾ ಅದಕ್ಕಿಂತ ಹೆಚ್ಚು ಬರುವುದು ಸಹಜ. ಇಲ್ಲಿ ಒಬ್ಬರಿಗೆ ಬಂತು. ಫಲಿತಾಂಶ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದಾಭೋಳಕರರನ್ನು 2013ರ ಆಗಸ್ಟ್ 20ರಂದು ಇದೇ ಪುಣೆಯಲ್ಲಿ ಗುಂಡಿಟ್ಟು ಕೊಂದರು. ಮಕ್ಕಳ ಜನ್ಮವಿವರ ಕೂಡಿಸಲು ಅವರ ಸಂಘಟನೆಯ ಕಾರ್ಯಕರ್ತರು ಶಾಲೆಯಿಂದ ಶಾಲೆಗೆ ಅಲೆದಿದ್ದರು ಎಂಬುದನ್ನು ಮರೆಯಬಾರದು.

ಬಹಳಷ್ಟು ವಿಚಾರವಾದಿ ಬರಹಗಳು ಇಲ್ಲಿಗೆ ನಿಂತುಬಿಡುತ್ತವೆ. ಗ್ರಹ ಏನೂ ಬರೆದಿಲ್ಲ, ಹಾಳೆ ಖಾಲಿಯಿದೆ, ಇನ್ನು ನಿನ್ನ ಬದುಕು ನಿನ್ನ ಕೈಯಲ್ಲಿ ಎನ್ನುತ್ತವೆ. ನನಗೆ ಇದು ಅರೆಬರೆ ಸತ್ಯವೆನಿಸುತ್ತದೆ. ಅದರ ಕೆಡುಕೂ ಸಣ್ಣದಲ್ಲ, ಯಾಕೆಂದರೆ ಹಾಳೆ ಖಾಲಿಯಿಲ್ಲ. ಮಗು ಹುಟ್ಟುವ ಹೊತ್ತಿಗೆ ಅದರ ಮೇಲೆ ಸಾಕಷ್ಟು ಬರೆದಾಗಿರುತ್ತದೆ, ಅದನ್ನು ಅಳೆಯಲೂ ಬರುತ್ತದೆ.

ಅಳೆದವರು ಮೈಸೂರಿನ ನರ್ಸಮ್ಮಂದಿರು. ಮಂಡಿ ಮೊಹಲ್ಲಾದಲ್ಲಿ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ದಾಖಲೆಯಾಗುತ್ತ ಬಂದಿತ್ತು. ಆ ನರ್ಸುಗಳಿಗೆ ಅದು ದಿನನಿತ್ಯದ ಕೆಲಸ. ಅರವತ್ತು ವರ್ಷದ ಮೇಲೆ ಯಾರೋ ಬಂದು ಆ ಲೆಡ್ಜರುಗಳ ಧೂಳು ಕೊಡವುತ್ತಾರೆ ಎಂಬ ಕಲ್ಪನೆಯೂ ಇದ್ದಿರಲಾರದು. ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯ ಡೇವಿಡ್ ಬಾರ್ಕರ್, ನಡುವಯಸ್ಸಿನಲ್ಲಿ ಬರುವ ಹೃದ್ರೋಗದ ಬೇರು ತಾಯಿಯ ಹೊಟ್ಟೆಯಲ್ಲಿದ್ದ ದಿನಗಳಲ್ಲಿದೆ ಎಂದು ವಾದಿಸುತ್ತಿದ್ದರು. ಅವರ ಸಹೋದ್ಯೋಗಿ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಸೇರಿ 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಆಸುಪಾಸಿನಲ್ಲೇ ಇದ್ದ 517 ಜನರನ್ನು ಹುಡುಕಿ ತೆಗೆದು ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಅದು ನೂರಕ್ಕೆ 3. ತಾಯಿಯೂ ಬಡಕಲಾಗಿದ್ದರೆ ಅಪಾಯ ಇನ್ನಷ್ಟು ಏರುತ್ತಿತ್ತು. 1996ರಲ್ಲಿ ಈ ವರದಿ ‘ಲ್ಯಾನ್ಸೆಟ್’ನಲ್ಲಿ ಬಂತು.

ಆ 11ರ ಪಕ್ಕದಲ್ಲೇ 89 ಎಂಬ ಸಂಖ್ಯೆಯೂ ಇದೆ. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೂ ನೂರಕ್ಕೆ 89 ಜನರಿಗೆ ಆ ವಯಸ್ಸಿಗೆ ಆ ಕಾಯಿಲೆಯಿರಲಿಲ್ಲ. ಹುಟ್ಟಿನ ತೂಕ ತೀರ್ಪು ಕೊಡುವುದಿಲ್ಲ. ತಕ್ಕಡಿಯನ್ನು ಒಂದು ಬದಿಗೆ ತುಸು ವಾಲಿಸುತ್ತದೆ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರಿಗೆ ಕಾಡಿದ ಪ್ರಶ್ನೆ ಸ್ವಲ್ಪ ಬೇರೆ. ಅವರ ಬಳಿ ಬರುತ್ತಿದ್ದ ಸಕ್ಕರೆ ಕಾಯಿಲೆಯ ರೋಗಿಗಳು ಪಠ್ಯಪುಸ್ತಕದಲ್ಲಿ ಹೇಳಿದಷ್ಟು ದಪ್ಪಗಿರಲಿಲ್ಲ, ಅಷ್ಟು ವಯಸ್ಸೂ ಆಗಿರಲಿಲ್ಲ. 1993ರಲ್ಲಿ ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ ಅವರ ತಂಡ ಒಂದು ಅಧ್ಯಯನ ಶುರುಮಾಡಿತು. ಮದುವೆಯಾದ ಹೆಣ್ಣುಮಕ್ಕಳನ್ನು ಗರ್ಭ ಧರಿಸುವ ಮೊದಲಿನಿಂದಲೇ ಗಮನಿಸುತ್ತ, ಏನು ತಿನ್ನುತ್ತಾರೆ, ಹೊಲದಲ್ಲಿ ಎಷ್ಟು ದುಡಿಯುತ್ತಾರೆ, ಬಾವಿಯಿಂದ ಎಷ್ಟು ನೀರು ಹೊರುತ್ತಾರೆ ಎಂಬುದನ್ನೂ ಬರೆದಿಟ್ಟುಕೊಂಡು, ಹುಟ್ಟಿದ ಮಗುವನ್ನು ಅಂಗುಲ ಅಂಗುಲ ಅಳೆಯುವ ಅಧ್ಯಯನ. ಅದು ಇಂದಿಗೂ ನಿಂತಿಲ್ಲ. ಆ ಕೂಸುಗಳು ದೊಡ್ಡವರಾಗಿ, ಅವರಲ್ಲಿ ಹಲವರಿಗೆ ಈಗ ಮಕ್ಕಳಿದ್ದಾರೆ.

ಸಿಕ್ಕಿದ ಸಂಗತಿ ಯಾರೂ ಎಣಿಸದ್ದು. ಪುಣೆಯ ಹಳ್ಳಿಯ ಕೂಸು ಸರಾಸರಿ 2.7 ಕಿಲೋ, ಸೌತಾಂಪ್ಟನ್ನಿನ ಕೂಸು 3.5 ಕಿಲೋ. ಆದರೆ ಆ ಕೊರತೆ ಮೈಯ ಎಲ್ಲ ಕಡೆ ಒಂದೇ ಸಮ ಹಂಚಿಹೋಗಿರಲಿಲ್ಲ. ಮಾಂಸಖಂಡ ಕಡಿಮೆ, ಹೊಟ್ಟೆಯ ಒಳಗಿನ ಅಂಗಗಳು ಸಣ್ಣವು, ಚರ್ಮದಡಿಯ ಕೊಬ್ಬು ಮಾತ್ರ ಇಂಗ್ಲಿಷ್ ಕೂಸಿಗಿಂತ ಅಷ್ಟಾಗಿ ಕಡಿಮೆಯಿರಲಿಲ್ಲ. ಕಾಲಕ್ಕೆ ತಕ್ಕಷ್ಟು ಆಹಾರ ಸಿಗದಾಗ, ಕಷ್ಟದಲ್ಲಿರುವ ಸಂಸಾರ ಮಗನ ಫೀಸು ಕಟ್ಟಿ ಮನೆಯ ರಿಪೇರಿ ಮುಂದೂಡುವ ಹಾಗೆ, ಭ್ರೂಣ ಮಿದುಳಿಗೆ ಮೊದಲು ಕೊಟ್ಟು ಮೇದೋಜೀರಕ, ಮೂತ್ರಪಿಂಡ, ಸ್ನಾಯುಗಳಿಗೆ ಕತ್ತರಿ ಹಾಕುತ್ತದೆ. ಸಣಕಲಾಗಿ ಕಾಣುವ, ಒಳಗೆ ಕೊಬ್ಬಿರುವ ದೇಹ ಅದು. ಸ್ನಾಯು ಕಡಿಮೆಯಾದ್ದರಿಂದ ರಕ್ತದ ಸಕ್ಕರೆಯನ್ನು ಎಳೆದುಕೊಂಡು ಸುಡುವ ಜಾಗವೇ ಸಾಲದು. ಮುಂದೆ ಈ ಮಗು ಹೊಟ್ಟೆತುಂಬ ತಿನ್ನುವ ಕಾಲ ಬಂದಾಗ, ಬಸ್ಸು, ಮೊಬೈಲು, ಕುರ್ಚಿಯ ಕೆಲಸ ಬಂದಾಗ, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸಾಕಷ್ಟು ತಯಾರಿಸಲಾರದೆ ಚಿಕ್ಕ ಮೇದೋಜೀರಕ ಸೋಲುತ್ತದೆ.

2004ರಲ್ಲಿ ಯಾಜ್ಞಿಕರು ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಇಬ್ಬರೂ ತಮ್ಮದೇ ಫೋಟೋ ಹಾಕಿ ‘ಲ್ಯಾನ್ಸೆಟ್’ನಲ್ಲಿ ಒಂದು ಪುಟ ಬರೆದರು. ಎತ್ತರಕ್ಕೆ ತಕ್ಕ ತೂಕದ ಸೂಚಿ, ಅಂದರೆ ಬಿಎಂಐ, ಇಬ್ಬರದೂ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕರಲ್ಲಿ ಶೇ 21.2. ಯುಡ್ಕಿನ್ ಮ್ಯಾರಥಾನ್ ಓಡುವವರು, ಯಾಜ್ಞಿಕರು ಅಲ್ಲ. ಯಾಜ್ಞಿಕರು ಹುಟ್ಟಿದಾಗ ತೂಕ ಕಡಿಮೆಯಿದ್ದ ಮಗು. ಎರಡು ಕಾರಣಗಳನ್ನೂ ಅವರು ಅಲ್ಲೇ ಬರೆದರು. ಒಂದು ಅವರ ಕೈಯಲ್ಲಿದ್ದದ್ದು, ಇನ್ನೊಂದು ಇಲ್ಲದ್ದು. ತನ್ನ ದೇಹವನ್ನೇ ಸಾಕ್ಷಿಗೆ ನಿಲ್ಲಿಸಿ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ ವೈದ್ಯರ ಬಗ್ಗೆ ನನಗೆ ತುಂಬ ಗೌರವವಿದೆ.

ಹೊಟ್ಟೆಯೊಳಗಿನ ಬರಹಕ್ಕೆ ಶಾಯಿ ಯಾವುದು? ಆರು ಹಳ್ಳಿಗಳ ತಾಯಂದಿರಲ್ಲಿ ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳಿಗೆ ಬಿ12 ಜೀವಸತ್ವದ ಕೊರತೆಯಿತ್ತು. ಅದು ಮುಖ್ಯವಾಗಿ ಸಿಗುವುದು ಹಾಲು, ಮೊಟ್ಟೆ, ಮಾಂಸದಲ್ಲಿ. ಡಿಎನ್‌ಎ ಎಳೆಯ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಅಂಟಿಕೊಂಡು ಯಾವ ಜೀನ್ ಎಷ್ಟು ದುಡಿಯಬೇಕೆಂದು ನಿರ್ಧರಿಸುತ್ತದೆ. ಆ ಗುರುತು ತಯಾರಾಗಲು ಬಿ12 ಮತ್ತು ಫೋಲೇಟ್ ಎಂಬ ಇನ್ನೊಂದು ಜೀವಸತ್ವ ಎರಡೂ ಹೊಂದಿಕೆಯಲ್ಲಿರಬೇಕು. ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿಗೇ ದೇಹ ಇನ್ಸುಲಿನ್ನಿನ ಮಾತು ಕೇಳದ ಲಕ್ಷಣ ಎಲ್ಲರಿಗಿಂತ ಹೆಚ್ಚಾಗಿ ಕಂಡಿತು. ಇನ್ನೊಂದು ಕಡೆ, ಅದೇ ಹಳ್ಳಿಗಳಲ್ಲಿ ಬಸಿರಿನಲ್ಲಿ ಹಾಲು, ಸೊಪ್ಪು, ಹಣ್ಣು ಹೆಚ್ಚು ಸಲ ತಿಂದವರ ಕೂಸುಗಳು ದೊಡ್ಡವಾಗಿದ್ದವು. ಹೊಲಮನೆಯ ದುಡಿಮೆ ವಿಪರೀತವಿದ್ದವರ ಕೂಸುಗಳು ಸಣ್ಣವಾಗಿದ್ದವು. ಮಗುವಿನ ಹಣೆಗೆ ತಾಯಿಯ ತಟ್ಟೆಯಿಂದಲೂ ಬರಹ ಇಳಿಯುತ್ತದೆ, ಅವಳ ತಲೆಯ ಮೇಲಿನ ಕೊಡದಿಂದಲೂ ಇಳಿಯುತ್ತದೆ. ಆ ತಟ್ಟೆಗೆ ಏನು ಬೀಳಬೇಕು, ಆ ಕೊಡ ಯಾರು ಹೊರಬೇಕು ಎಂದು ಮನೆಯಲ್ಲಿ ತೀರ್ಮಾನಿಸುವವಳು ಬಹುತೇಕ ಅವಳಲ್ಲ.

ಬೆಳಗಿನ ಎಂಟು ಗಂಟೆಗೆ ನಿಗಡಿ-ಆಕುರ್ಡಿಯ ಕಡೆ ಕೂಲಿಕಾರರು ಸೇರುವ ಅಡ್ಡೆಗೆ ಹೋದರೆ ಅಚ್ಚ ಕಲಬುರಗಿ ಕನ್ನಡ ಕಿವಿಗೆ ಬೀಳುತ್ತದೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೆ ಟವೆಲು, ಗಾರೆಯವರ ಕೈಯಲ್ಲಿ ಕರಣಿ. ಗುತ್ತಿಗೆದಾರನ ಗಾಡಿ ನಿಂತರೆ ಹತ್ತು ಜನ ಮುಂದೆ ನುಗ್ಗುತ್ತಾರೆ, ಇಬ್ಬರಿಗೆ ಕೆಲಸ. ಹತ್ತು ಗಂಟೆ ದಾಟಿದರೆ ಆ ದಿನದ ಕೂಲಿ ಹೋಯಿತು. ಅಲ್ಲಿ ಒಬ್ಬರನ್ನು ವಯಸ್ಸೆಷ್ಟು ಎಂದು ಕೇಳಿದೆ.

“ಆಧಾರದಾಗ ಜೂನ್ ಒಂದು ಅದರಿ. ಸಾಲಿಗಿ ಹಾಕುಮುಂದ ಮಾಸ್ತರ್ ಬರದಾರ. ಖರೇ ಹುಟ್ಟಿದ್ದು ಯಾವಾಗೋ ಯಾರಿಗ್ಗೊತ್ತರಿ. ಮಳಿ ಹೋದ ವರ್ಷ, ಮನ್ಯಾಗ ಜ್ವಾಳ ಇಲ್ಲದ ವರ್ಷ ಹುಟ್ಟೀದಿ ಅಂತಿದ್ಳು ನಮ್ಮವ್ವ.”

ಕರ್ನಾಟಕದಲ್ಲಿ ಜೂನ್ ಒಂದರಂದು ಹುಟ್ಟಿದವರು ಅಸಂಖ್ಯ. ಒಂದನೆಯ ತರಗತಿಗೆ ಸೇರಲು ಆ ದಿನಕ್ಕೆ ವಯಸ್ಸು ತುಂಬಿರಬೇಕಾದ್ದರಿಂದ ಮಾಸ್ತರರು ಅದನ್ನೇ ಬರೆದುಬಿಟ್ಟರು. ನಿವೃತ್ತಿ, ಪಿಂಚಣಿ, ವೃದ್ಧಾಪ್ಯ ವೇತನ ಎಲ್ಲವನ್ನೂ ತೀರ್ಮಾನಿಸುವ ತಾರೀಖು ಅದು. ಇಂಥವರಿಗೆ ಯಾವ ಲಗ್ನ, ಯಾವ ನಕ್ಷತ್ರ ಎಂದು ಹೇಳುವುದು? ಆದರೆ ಅವರ ಅವ್ವ ಕೊಟ್ಟ ಗುರುತಿದೆಯಲ್ಲ, ಮಳೆ ಹೋದ ವರ್ಷ ಎಂಬುದು, ಅದರಲ್ಲಿ ಯಾವ ಜಾತಕಕ್ಕಿಂತಲೂ ಹೆಚ್ಚಿನ ಮಾಹಿತಿ ಅಡಗಿದೆ.

ಇಂಡೊನೇಷ್ಯಾದ ಹಳ್ಳಿಗಳಲ್ಲಿ ಹುಟ್ಟಿದವರ ಬದುಕನ್ನು ಅವರು ಹುಟ್ಟಿದ ವರ್ಷದ ಮಳೆಯ ಜತೆಗಿಟ್ಟು ನೋಡಿದ ಒಂದು ಅಧ್ಯಯನ 2009ರಲ್ಲಿ ಬಂತು. ಮಾಡಿದವರು ಶರೋನ್ ಮಕ್ಕಿನಿ ಮತ್ತು ಡೀನ್ ಯಾಂಗ್ ಎಂಬ ಅರ್ಥಶಾಸ್ತ್ರಜ್ಞರು. ಹುಟ್ಟಿದ ವರ್ಷ ವಾಡಿಕೆಗಿಂತ ಶೇ 20ರಷ್ಟು ಹೆಚ್ಚು ಮಳೆಯಾಗಿದ್ದರೆ, ಆ ಹೆಣ್ಣುಮಕ್ಕಳು ದೊಡ್ಡವರಾದಾಗ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಎತ್ತರವಿದ್ದರು, ಶಾಲೆಯಲ್ಲಿ ಸ್ವಲ್ಪ ಹೆಚ್ಚು ಕಾಲ ಓದಿದ್ದರು, ಆರೋಗ್ಯವೂ ಮೇಲಿತ್ತು. ಗಂಡುಮಕ್ಕಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಆಕಾಶದಿಂದ ಬಿದ್ದ ಮಳೆ ಇಬ್ಬರಿಗೂ ಒಂದೇ. ಧಾನ್ಯ ಕಡಿಮೆಯಾದ ವರ್ಷ ಇದ್ದದ್ದನ್ನು ಮನೆಯೊಳಗೆ ಹೇಗೆ ಹಂಚಿದರು ಎಂಬಲ್ಲೇ ಗಂಡು-ಹೆಣ್ಣಿನ ದಾರಿ ಬೇರೆಯಾಗಿರಬೇಕು ಎಂದು ಅವರು ಊಹಿಸಿದರು. ಬರ ದೈವದ ಕೆಲಸ ಎಂದರೂ, ಬರದಲ್ಲಿ ಯಾರ ತಟ್ಟೆ ಬರಿದಾಗುತ್ತದೆ ಎಂಬುದು ಮನುಷ್ಯರ ಕೆಲಸ.

ಹಾಗಾದರೆ ಎಲ್ಲಕ್ಕೂ ಕಾರಣ ತೋರಿಸಬಹುದೇ? ಇಲ್ಲ. ಶುದ್ಧ ಅದೃಷ್ಟ ಎಂಬುದೂ ಇದೆ, ಅದಕ್ಕೂ ಪುರಾವೆಯಿದೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಸಿಹಿನೀರಿನ ಸೀಗಡಿಯಂಥ ಒಂದು ಪ್ರಾಣಿ ಕಾಣಿಸಿಕೊಂಡಿತು. ಅಮೃತಶಿಲೆಯ ಮೇಲಿನಂಥ ಮಚ್ಚೆಗಳಿದ್ದ ಅದು ಗಂಡಿಲ್ಲದೆಯೇ ಮರಿ ಹಾಕುತ್ತದೆ, ಹಾಗಾಗಿ ಒಡಹುಟ್ಟಿದ ಮರಿಗಳಿಗೆಲ್ಲ ಜೀನುಗಳು ಒಂದೇ. ಹೈಡಲ್‌ಬರ್ಗಿನ ಗುಂಟರ್ ಫೋಗ್ಟ್ ಮತ್ತು ಅವರ ಸಂಗಡಿಗರು ಒಂದೇ ತಾಯಿಯ ಮರಿಗಳಿಗೆ ಒಂದೇ ಬಗೆಯ ನೀರು, ಒಂದೇ ಆಹಾರ ಕೊಟ್ಟು ಬೆಳೆಸಿದರು. ಜೀನ್ ಒಂದೇ, ಪರಿಸರ ಒಂದೇ ಆದರೂ ಒಂದರ ತೂಕ ಇನ್ನೊಂದರ 20 ಪಟ್ಟಾದ ಉದಾಹರಣೆಗಳಿದ್ದವು. ಮಚ್ಚೆಗಳ ವಿನ್ಯಾಸ, ಆಯುಷ್ಯ, ಗುಂಪಿನಲ್ಲಿ ಎದುರುಬಿದ್ದು ನಿಲ್ಲುವ ಗುಣ ಎಲ್ಲವೂ ಬೇರೆ ಬೇರೆ. ಜೀವಕೋಶದೊಳಗೆ ಜೀನುಗಳನ್ನು ನಿಯಂತ್ರಿಸುವ ಕೆಲವು ಅಣುಗಳ ಸಂಖ್ಯೆ ಚಿಕ್ಕದು. ಯಾವ ಅಣು ಯಾವ ಕ್ಷಣದಲ್ಲಿ ಯಾವುದಕ್ಕೆ ತಾಗಿತು ಎಂಬ ಸಣ್ಣ ಸಣ್ಣ ಆಕಸ್ಮಿಕಗಳು ಬೆಳವಣಿಗೆಯುದ್ದಕ್ಕೂ ದೊಡ್ಡವಾಗುತ್ತ ಹೋಗುತ್ತವೆ. ಜೀನುಗಳು ಒಂದೇ ಆದ ಅವಳಿ-ಜವಳಿಗಳಲ್ಲಿ ಒಬ್ಬನಿಗೆ ಬಂದ ಕಾಯಿಲೆ ಇನ್ನೊಬ್ಬನಿಗೆ ಬಾರದಿರುವುದಕ್ಕೆ ಇದೂ ಒಂದು ಕಾರಣ. ಅದನ್ನು ಪೂರ್ವಜನ್ಮದ ಪಾಪಕ್ಕೂ ಕಟ್ಟಬೇಕಾಗಿಲ್ಲ, ಈ ಜನ್ಮದ ನಿರ್ಲಕ್ಷ್ಯಕ್ಕೂ ಕಟ್ಟಬೇಕಾಗಿಲ್ಲ.

ಇಷ್ಟೆಲ್ಲ ಆದಮೇಲೆ ಸ್ವಂತ ಪ್ರಯತ್ನಕ್ಕೆ ಉಳಿಯುವುದೆಷ್ಟು? ಇದಕ್ಕೆ ನಾನು ಕಂಡ ಅತ್ಯಂತ ನೇರವಾದ ಉತ್ತರ ಚೆನ್ನೈಯದು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಡಾ. ಎ. ರಾಮಚಂದ್ರನ್ ಅವರ ತಂಡ ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿತು. ಒಂದು ಗುಂಪಿಗೆ ಮಾಮೂಲಿ ಸಲಹೆ. ಇನ್ನೊಂದು ಗುಂಪಿಗೆ ದಿನವೂ ನಡಿಗೆ, ಊಟದಲ್ಲಿ ಹಿಡಿತ, ಆಗಾಗ ವಿಚಾರಣೆ. ಉಳಿದ ಗುಂಪುಗಳಿಗೆ ಔಷಧ. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಸುಮಾರು ಮೂರು ವರ್ಷದಲ್ಲಿ ಮಾಮೂಲಿ ಗುಂಪಿನ ನೂರರಲ್ಲಿ 55 ಜನರಿಗೆ ಕಾಯಿಲೆ ಬಂತು, ನಡೆದವರ ಗುಂಪಿನಲ್ಲಿ 39 ಜನರಿಗೆ.

ಈ ಎರಡು ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ನೂರರಲ್ಲಿ 45 ಜನ ವಿಶೇಷವಾಗಿ ಏನನ್ನೂ ಮಾಡದೆ ಪಾರಾದರು. 39 ಜನ ಮಾಡಬೇಕಾದದ್ದನ್ನು ಮಾಡಿಯೂ ಕಾಯಿಲೆಗೆ ಸಿಕ್ಕರು. ಇವೆರಡರ ನಡುವೆ ಉಳಿದ 16 ಜನರ ಬದುಕು ಅವರ ಕಾಲ ಮೇಲೆ ನಿಂತಿತ್ತು. ಹದಿನಾರು ಸಣ್ಣ ಸಂಖ್ಯೆಯಲ್ಲ. ದೇಶಕ್ಕೆ ಹರಡಿದರೆ ಅದು ಕಣ್ಣು, ಕಾಲು, ಮೂತ್ರಪಿಂಡ ಉಳಿಸಿಕೊಂಡ ಲಕ್ಷಗಟ್ಟಲೆ ಜನ. ಆದರೆ ಆ 16ರಲ್ಲಿ ತಾನಿದ್ದೇನೆಯೇ ಎಂದು ಯಾವ ಒಬ್ಬನಿಗೂ ತಿಳಿಯುವ ದಾರಿಯಿಲ್ಲ. ನಡೆದು ಪಾರಾದವನು ನಡೆದಿದ್ದರಿಂದಲೇ ಪಾರಾದೆ ಎಂದು ಎದೆ ತಟ್ಟಿಕೊಳ್ಳುತ್ತಾನೆ. ಅವನು ಏನೂ ಮಾಡದಿದ್ದರೂ ಪಾರಾಗುತ್ತಿದ್ದ 45ರಲ್ಲಿ ಒಬ್ಬನಿರಬಹುದು. ಕಾಯಿಲೆ ಬಂದವನಿಗೆ, ನೀನು ಬಾಯಿ ಕಟ್ಟಲಿಲ್ಲ, ಅನುಭವಿಸು ಎಂದು ಮನೆಯವರೇ ಹೇಳುತ್ತಾರೆ. ಅವನು ಆ 39ರಲ್ಲಿ ಒಬ್ಬನಿರಬಹುದು. ಗುಂಪಿನ ಮಟ್ಟದಲ್ಲಿ ಪ್ರಯತ್ನಕ್ಕೆ ಖಚಿತವಾದ ಬೆಲೆಯಿದೆ, ಒಬ್ಬ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ತೀರ್ಪು ಹೇಳಲು ನಮ್ಮಲ್ಲಿ ಸಾಕ್ಷಿಯಿಲ್ಲ. ನಡೆಯುವುದು ನಮ್ಮ ಕರ್ತವ್ಯ. ನಡೆಯದವನ ಕಾಯಿಲೆಗೆ ಷರಾ ಬರೆಯುವ ಅಧಿಕಾರ ಮಾತ್ರ ಅದರಿಂದ ನಮಗೆ ಬರುವುದಿಲ್ಲ. ನಡೆಯಲು ಫುಟ್‌ಪಾತಿದೆಯೇ, ಹನ್ನೆರಡು ತಾಸಿನ ಪಾಳಿ ಮುಗಿದ ಮೇಲೆ ಕಾಲಲ್ಲಿ ಕಸುವಿದೆಯೇ ಎಂಬುದನ್ನೂ ಆ ಹದಿನಾರರ ಲೆಕ್ಕದಲ್ಲಿ ಸೇರಿಸಬೇಕು.

ಆದರೂ ಷರಾ ಬರೆಯಲು ನಮ್ಮ ಕೈ ಸದಾ ತುಡಿಯುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ನಮ್ಮ ನಾಲಿಗೆಯ ತುದಿಯಲ್ಲೇ ಇದೆ. 1966ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೆಲ್ವಿನ್ ಲರ್ನರ್, ಕ್ಯಾರೊಲಿನ್ ಸಿಮನ್ಸ್ ಜತೆ ಸೇರಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಬ್ಬ ಹುಡುಗಿಗೆ ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಶಾಕ್ ಕೊಡುತ್ತಿರುವುದನ್ನು ವಿದ್ಯಾರ್ಥಿನಿಯರು ನೋಡಬೇಕು. ಅದು ನಟನೆ ಎಂದು ನೋಡುವವರಿಗೆ ಗೊತ್ತಿಲ್ಲ. ಆ ಹಿಂಸೆ ಮುಂದುವರಿಯುತ್ತದೆ, ತಡೆಯಲು ತಮ್ಮಿಂದ ಆಗದು ಎಂದಾದಾಗ, ಅವರು ನಿಧಾನವಾಗಿ ಆ ಹುಡುಗಿಯನ್ನೇ ಕೀಳಾಗಿ ಕಾಣತೊಡಗಿದರು. ಇನ್ನೊಂದು ಗುಂಪಿಗೆ, ಮತ ಹಾಕಿ ಶಾಕ್ ನಿಲ್ಲಿಸುವ ಅವಕಾಶ ಕೊಟ್ಟಿದ್ದರು. ಅವರಲ್ಲಿ ಆ ತಿರಸ್ಕಾರ ಅಷ್ಟು ಹುಟ್ಟಲಿಲ್ಲ. ಜಗತ್ತು ನ್ಯಾಯವಾಗಿದೆ ಎಂದು ನಂಬಿರಲು ಮನಸ್ಸು ಹವಣಿಸುತ್ತದೆ. ನ್ಯಾಯ ಮಾಡಲು ಕೈಯಲ್ಲಾಗದಾಗ, ನೊಂದವನಲ್ಲೇ ತಪ್ಪು ಹುಡುಕಿ ಸಮಾಧಾನ ಮಾಡಿಕೊಳ್ಳುತ್ತದೆ. ಅವನ ಕರ್ಮ ಎನ್ನುವುದನ್ನು ಕಲ್ಲೆದೆಯ ಮಾತು ಎಂದು ನಾನು ಎಣಿಸುತ್ತಿದ್ದೆ. ಈ ಪ್ರಯೋಗ ಓದಿದಂದಿನಿಂದ ಅದರ ಹಿಂದೆ ಅಸಹಾಯಕತೆ ಕಾಣುತ್ತದೆ. ನಿಲ್ಲಿಸುವ ಒಂದು ಗುಂಡಿ ಕೈಗೆ ಸಿಕ್ಕರೆ ಅದೇ ಜನ ಬೇರೆ ರೀತಿ ಮಾತಾಡುತ್ತಾರೆ.

1972ರ ಬರದಲ್ಲಿ ಅಂಥ ಒಂದು ಗುಂಡಿ ಸಿಕ್ಕಿತು. ಬರ ಪರಿಹಾರದ ಕಾಮಗಾರಿಗಳು ರಾಜ್ಯದಾದ್ಯಂತ ಕಲ್ಲು ಒಡೆಯುವ, ಕೆರೆ ತೋಡುವ, ರಸ್ತೆ ಮಾಡುವ ಕೆಲಸ ಕೊಟ್ಟವು; ಮಹಾರಾಷ್ಟ್ರ ವಿಧಾನ ಪರಿಷತ್ತಿನ ವಿ. ಸ. ಪಾಗೆ ಎಂಬ ಗಾಂಧಿವಾದಿ ರೂಪಿಸಿದ ಉದ್ಯೋಗ ಖಾತರಿ ಯೋಜನೆಯೂ ಅದೇ ವರ್ಷ ಶುರುವಾಯಿತು. 1977ರಲ್ಲಿ ಅದು ಕಾಯ್ದೆಯಾಯಿತು. ಸುಮಾರು ಮೂರು ದಶಕದ ಮೇಲೆ, 2005ರಲ್ಲಿ, ಇಡೀ ದೇಶಕ್ಕೆ ಬಂದ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ ಮೂಲ ಅದೇ. 1630ರಂತೆ 1972ರಲ್ಲೂ ಮಳೆ ಕೈಕೊಟ್ಟಿತು. ಬಸುರಿಯ ಹೊಟ್ಟೆಗೆ ಬೀಳುವ ರೊಟ್ಟಿಯ ಲೆಕ್ಕ ಮಾತ್ರ ಒಂದೇ ಆಗಲಿಲ್ಲ, ಏಕೆಂದರೆ ನಡುವೆ ಒಂದು ಸರಕಾರಿ ಮಸ್ಟರ್ ರೋಲ್, ಅಂದರೆ ಕೂಲಿಯವರ ಹಾಜರಿ ಪಟ್ಟಿ, ಬಂದು ನಿಂತಿತ್ತು.

ತಾಯಿಯ ತಟ್ಟೆಯ ವಿಷಯದಲ್ಲೂ ಪ್ರಯತ್ನ ನಡೆದಿದೆ. ಮುಂಬೈಯ ಕೊಳೆಗೇರಿಗಳಲ್ಲಿ 2006ರಿಂದ ಕೆಲವು ವರ್ಷ, ಗರ್ಭ ಧರಿಸುವ ಮೊದಲಿನಿಂದಲೇ ಹೆಣ್ಣುಮಕ್ಕಳಿಗೆ ದಿನಕ್ಕೊಂದು ತಿಂಡಿ ಕೊಟ್ಟರು. ಒಂದು ಗುಂಪಿಗೆ ಸೊಪ್ಪು, ಹಣ್ಣು, ಹಾಲು ಹಾಕಿದ್ದು, ಇನ್ನೊಂದಕ್ಕೆ ಆಲೂಗಡ್ಡೆ-ಈರುಳ್ಳಿಯಂಥದ್ದು. ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ ಎರಡನೆಯ ಗುಂಪಿನಲ್ಲಿ ಶೇ 12.4, ಸೊಪ್ಪು-ಹಾಲಿನ ಗುಂಪಿನಲ್ಲಿ ಶೇ 7.3. ಆದರೆ ಕೂಸಿನ ತೂಕ ಎಲ್ಲರಲ್ಲೂ ಏರಲಿಲ್ಲ. ಹೆಚ್ಚಿದ್ದು ತಾಯಿ ತೀರ ಬಡಕಲಾಗಿ ಇಲ್ಲದಿದ್ದ ಕಡೆ. ತಲೆಮಾರುಗಳ ಹಸಿವನ್ನು ಒಂದು ಸಮೋಸಾದಷ್ಟು ತಿಂಡಿ ಒಂದೇ ಬಸಿರಿನಲ್ಲಿ ಅಳಿಸಲಾರದು. ಪುಣೆಯ ಆರು ಹಳ್ಳಿಗಳಲ್ಲಿ ಯಾಜ್ಞಿಕರ ತಂಡ 2012ರಿಂದ ಇನ್ನೂ ಹಿಂದಕ್ಕೆ ಹೋಗಿ, 1990ರ ದಶಕದಲ್ಲಿ ತಾವೇ ಅಳೆದಿದ್ದ ಕೂಸುಗಳಿಗೆ, ಅವರು ಹದಿಹರೆಯದವರಾಗಿದ್ದಾಗ ದಿನಕ್ಕೆ 2 ಮೈಕ್ರೊಗ್ರಾಂ ಬಿ12 ಕೊಡತೊಡಗಿತು. ಅವರಿಗೆ ಹುಟ್ಟಿದ ಮಕ್ಕಳಲ್ಲಿ ಎರಡು ವರ್ಷದ ಸುಮಾರಿಗೆ ಗ್ರಹಿಕೆ, ಮಾತು ಒಂದಿಷ್ಟು ಚುರುಕಾಗಿರುವುದು ಕಂಡಿದೆ.

ಕಾಗದದ ಮೇಲೆ ಎಳೆದ ಗೆರೆಯೂ ಹಣೆಬರಹವಾಗುವುದಕ್ಕೆ ಜೂನ್ ಒಂದಕ್ಕಿಂತ ದೊಡ್ಡ ಉದಾಹರಣೆ ನಿಗಡಿಯ ಕಟ್ಟಡದ ಕೆಲಸಗಳಲ್ಲಿ ಸಿಗುತ್ತದೆ. ಮೀರಾ ಮಹಾದೇವನ್ 1969ರಲ್ಲಿ ದೆಹಲಿಯ ಒಂದು ಕಟ್ಟಡದ ಕೆಲಸದ ಜಾಗದಲ್ಲಿ ಕೂಲಿ ಹೆಣ್ಣುಮಕ್ಕಳ ಮಕ್ಕಳಿಗಾಗಿ ಡೇರೆಯಲ್ಲಿ ಶಿಶುವಿಹಾರ ತೆರೆದರು. ಅದರಿಂದ ಬೆಳೆದ ಪರಂಪರೆ ಪುಣೆಯಲ್ಲಿ ತಾರಾ ಮೊಬೈಲ್ ಕ್ರೆಶಸ್ ಎಂಬ ಸಂಸ್ಥೆಯಾಗಿ ಇಂದಿಗೂ ಕಟ್ಟಡಗಳ ನಡುವೆ ಮಕ್ಕಳಿಗೆ ಊಟ, ಅಕ್ಷರ, ಮಲಗಲು ಜಾಗ ಕೊಡುತ್ತಿದೆ. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗಾಗಿ ಮಾಡಿದ ಕಾಯ್ದೆಯಲ್ಲಿ ಶಿಶುವಿಹಾರ ಕಡ್ಡಾಯ ಎಂದಿತು. ಷರತ್ತು ಒಂದೇ ಇತ್ತು: ಆ ಜಾಗದಲ್ಲಿ ದುಡಿಯುವ ಹೆಂಗಸರು ಐವತ್ತಕ್ಕಿಂತ ಹೆಚ್ಚಿರಬೇಕಿತ್ತು. ಪ್ರಾಧಿಕರಣದ ಸೆಕ್ಟರುಗಳಲ್ಲಿ ಹಳೇ ಬಂಗಲೆ ಕೆಡವಿ ನಾಲ್ಕಂತಸ್ತು ಏಳಿಸುವ ಕಡೆ ದುಡಿಯುವ ಹೆಂಗಸರು ಎಂಟು, ಹತ್ತು, ಹೆಚ್ಚೆಂದರೆ ಹದಿನೈದು. ಅಲ್ಲಿ ತಾಯಿ ಬುಟ್ಟಿ ಹೊರುವಾಗ ಹಾಲುಣ್ಣುವ ಕೂಸು ಮರಳಿನ ರಾಶಿಯ ಪಕ್ಕ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತದೆ, ಅದನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಐದಾರು ವರ್ಷದ ಅಕ್ಕ ಕೂತಿರುತ್ತಾಳೆ. ಐವತ್ತು ಎಂಬ ಅಂಕಿಯನ್ನು ಬರೆದವರು ಮನುಷ್ಯರು, ಸಂಸತ್ತಿನಲ್ಲಿ, ಚರ್ಚೆ ಮಾಡಿ, ಮತ ಹಾಕಿ. ಒಂದು ರಸ್ತೆಯ ನಾಲ್ಕಾರು ಕಟ್ಟಡಗಳ ಹೆಂಗಸರನ್ನು ಕೂಡಿಸಿ ಎಣಿಸಿದರೆ ಐವತ್ತು ದಾಟುತ್ತದೆ.